ಡೋಣಿಯ ಉಪ್ಪು, ಕಾಡುಹಳ್ಳದ ಹುಳಿ

ತಾಳಿಕೋಟೆ ಹತ್ತಿರ ಡೋಣಿ ಸೇತುವೆಯ ಕೆಳಗೆ ಏಪ್ರಿಲ್ ಕೊನೆಗೆ ಒಂದು ಬಾಟಲಿ ನೀರು ತುಂಬಿಕೊಳ್ಳಿ. ಸೆಪ್ಟೆಂಬರಿನಲ್ಲಿ ಹೊಳೆ ಬಂದಾಗ ಅದೇ ಜಾಗದಲ್ಲಿ ಇನ್ನೊಂದು ಬಾಟಲಿ ತುಂಬಿ, ಎರಡನ್ನೂ ಊರಿನ ಹೆಸರು ಬರೆಯದೆ ಪ್ರಯೋಗಾಲಯಕ್ಕೆ ಕೊಡಿ. ಪರೀಕ್ಷೆ ಮಾಡಿದವರು ಇವು ಎರಡು ಬೇರೆ ನದಿಗಳ ನೀರೆಂದೇ ತಿಳಿಯುತ್ತಾರೆ. ಬೇಸಿಗೆಯ ನೀರು ಕಣ್ಣಿಗೆ ತಿಳಿ, ಬಾಯಿಗೆ ಉಪ್ಪು. ಮಳೆಗಾಲದ್ದು ರಾಡಿ, ಆದರೆ ಸಪ್ಪೆ. ಜಾಗ ಅದೇ, ಮಣ್ಣು ಅದೇ, ತಳದ ಬಂಡೆಯೂ ಅದೇ. ಬದಲಾದದ್ದು ಹರಿವು.

ಹೆಚ್ಚು ನೀರು ಬಂದರೆ ಉಪ್ಪು ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಅದು ಅರ್ಧ ಲೆಕ್ಕ. ಹರಿವು ಏರಿದಾಗ ನೀರಿನ ಪ್ರಮಾಣದ ಜೊತೆಗೆ ಅದು ಹಳ್ಳಕ್ಕೆ ಬಂದು ಸೇರುವ ದಾರಿಯೂ ಬದಲಾಗುತ್ತದೆ. ಯಾವ ದಾರಿಯಲ್ಲಿ ಬಂತು, ಆ ದಾರಿಯಲ್ಲಿ ಎಷ್ಟು ಹೊತ್ತು ತಂಗಿತು ಎನ್ನುವುದೇ ನೀರಿನ ಗುಣವನ್ನು ಬಹುಪಾಲು ತೀರ್ಮಾನಿಸುತ್ತದೆ. ಇದು ಗೊತ್ತಾದರೆ ಡೋಣಿಯ ಉಪ್ಪಿನಷ್ಟೇ ಸುಲಭವಾಗಿ ದೂರದ ಕಾಡಿನ ಹಳ್ಳಗಳ ಹುಳಿಯೂ ಅರ್ಥವಾಗುತ್ತದೆ. ಕಾಡಿನ ಮಾತು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದವರಿಗೆ ಸಂಬಂಧವಿಲ್ಲದ್ದಲ್ಲ. ನಮ್ಮ ವಿಜಯಪುರ ಜಿಲ್ಲೆಯ ಅಂಚಿನಲ್ಲಿ ಹರಿಯುವ ಭೀಮೆ ಹುಟ್ಟಿದ್ದು ಭೀಮಾಶಂಕರದ ಕಾಡಿನಲ್ಲಿ, ಕೃಷ್ಣೆ ಹುಟ್ಟಿದ್ದು ಮಹಾಬಳೇಶ್ವರದ ಕಾಡಿನಲ್ಲಿ. ಡೋಣಿ ಮಾತ್ರ ಬಯಲಿನ ಮಗಳು.

ಡೋಣಿ ಹುಟ್ಟುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಯ ಬೋಳು ಮಡ್ಡಿಗಳಲ್ಲಿ. ಅಲ್ಲಿಂದ ವಿಜಯಪುರದ ಎರಿ ಹೊಲಗಳ ನಡುವೆ ಸುತ್ತಿ ಬಳಸಿ, ಬಸವನ ಬಾಗೇವಾಡಿಯ ಸೀಮೆ ಹಾಯ್ದು, ಹಳೆಯ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಮಗ್ಗುಲಿಗೆ ಬಂದು, ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಇಳಿಜಾರು ಬಹಳ ಕಡಿಮೆ. ವರ್ಷದ ಮಳೆ ಸುಮಾರು 550ರಿಂದ 600 ಮಿ.ಮೀ., ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಈ ಕಣಿವೆಯ ಎರಿ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆದ ಬಗೆ ನೋಡಿಯೇ ‘ಡೋಣಿ ಹರಿದರ ಓಣೆಲ್ಲ ಜೋಳ’ ಎಂಬ ಮಾತು ಹುಟ್ಟಿದ್ದು. ಗಮನಿಸಿ: ಮಾತಿನಲ್ಲಿರುವುದು ‘ಹರಿದರ’. ಡೋಣಿಯ ನೀರೆತ್ತಿ ಹೊಲಕ್ಕೆ ಹಾಯಿಸಿದರೆ ಜೋಳ ಬಂದೀತೆಂದು ಹಿರಿಯರು ಹೇಳಲಿಲ್ಲ. ನದಿ ಉಕ್ಕಿ ಹರಿಯಬೇಕು, ಹೊಲದ ಮೇಲೆ ಹೊಸ ಮಣ್ಣು ಬಿಟ್ಟು ಹೋಗಬೇಕು. ಬೇಸಿಗೆಯಲ್ಲಿ ಅದರ ನೀರನ್ನು ದನಗಳೂ ಒಲ್ಲವು ಎಂಬುದು ಅವರಿಗೆ ತಿಳಿದಿತ್ತು.

ಈಗ ಒಂದು ಮಳೆಹನಿಯ ಜಾಡು ಹಿಡಿಯೋಣ. ಮಳೆನೀರು ಹೆಚ್ಚುಕಡಿಮೆ ಉಪ್ಪಿಲ್ಲದ ನೀರು. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಸೌಮ್ಯವಾದ ಆಮ್ಲವಾಗುತ್ತದೆ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾಪನದಲ್ಲಿ 7 ಎಂದರೆ ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಸಮಸ್ಥಿತಿ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಇಂಡಿ ಲಿಂಬೆಹಣ್ಣಿನ ರಸ ಸುಮಾರು 2ರ ಹತ್ತಿರ. ಮಾಲಿನ್ಯವಿಲ್ಲದ ಕಡೆಯ ಮಳೆನೀರು ಸುಮಾರು 5.6. ಅಂದರೆ ನೆಲಕ್ಕೆ ಬೀಳುವ ನೀರು ಮೊದಲೇ ಚೂರು ಹುಳಿ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಮಣ್ಣಿಗಿಳಿದ ನೀರು ಇನ್ನಷ್ಟು ಹುಳಿಯಾಗಿ ಕಲ್ಲನ್ನು ತಿನ್ನತೊಡಗುತ್ತದೆ. ಕಲ್ಲು ಕರಗಿದಂತೆ ಸುಣ್ಣದ ಅಂಶ, ಮೆಗ್ನೀಷಿಯಂ, ಸೋಡಿಯಂ ನೀರಿಗಿಳಿಯುತ್ತವೆ. ಹುಳಿ ಖರ್ಚಾಗಿ ಬೈಕಾರ್ಬನೇಟ್ ಉಳಿಯುತ್ತದೆ. ಈ ಬೈಕಾರ್ಬನೇಟೇ ಮುಂದೆ ಬರುವ ಹುಳಿಯನ್ನು ತಡೆದು ನಿಲ್ಲಿಸುವ ನೀರಿನ ಶಕ್ತಿ.

ಇಂಡಿ, ಸಿಂದಗಿಯ ಕಡೆ ತಳದಲ್ಲಿರುವುದು ದಖ್ಖನಿನ ಕರಿಕಲ್ಲು. ತಾಳಿಕೋಟೆಯ ಸುತ್ತ ಭೀಮಾ ಶಿಲಾವರ್ಗಕ್ಕೆ ಸೇರಿದ ಸುಣ್ಣದ ಬಂಡೆಗಳು. ಮುದ್ದೇಬಿಹಾಳದ ದಕ್ಷಿಣಕ್ಕೆ ಹೋದರೆ ಗ್ರಾನೈಟ್ ಮತ್ತು ನೈಸ್. ಕರಿಕಲ್ಲು ಮತ್ತು ಸುಣ್ಣದ ಬಂಡೆ ಎರಡೂ ಹುಳಿಯನ್ನು ಬೇಗ ನುಂಗುತ್ತವೆ. ಎರಿ ಮಣ್ಣನ್ನು ಅಗೆದರೆ ಸಿಗುವ ಬಿಳಿ ಸುಣ್ಣದ ಹರಳುಗಳೂ ಅದೇ ಕೆಲಸ ಮಾಡುತ್ತವೆ. ಹಾಗಾಗಿ ನಮ್ಮ ಹಳ್ಳಗಳಲ್ಲಿ ಹುಳಿ ಉಳಿಯುವ ಪ್ರಶ್ನೆಯೇ ಇಲ್ಲ. ಪಿಎಚ್ ಸಾಮಾನ್ಯವಾಗಿ 7ರ ಮೇಲೆಯೇ. ನಮ್ಮ ಸಮಸ್ಯೆ ಬೇರೆ: ಕಲ್ಲಿನಿಂದ ಬಿಡಿಸಿಕೊಂಡು ಬಂದದ್ದೆಲ್ಲ ಹೊರಗೆ ಹರಿದುಹೋಗದೆ ಇಲ್ಲೇ ಉಳಿಯುತ್ತದೆ.

ಯಾಕೆ ಉಳಿಯುತ್ತದೆಂದರೆ, ಇಲ್ಲಿಯ ಬಿಸಿಲು ವರ್ಷಕ್ಕೆ ಆವಿ ಮಾಡಬಲ್ಲ ನೀರು ಬೀಳುವ ಮಳೆಗಿಂತ ಎಷ್ಟೋ ಹೆಚ್ಚು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಮಣ್ಣಿನೊಳಗಿನ ನೀರು ಬತ್ತುತ್ತ ಹೋದಂತೆ ಅದರೊಳಗಿನ ಲವಣಗಳು ಸರದಿ ಪ್ರಕಾರ ಹೊರಬೀಳುತ್ತವೆ. ಮೊದಲು ಸುಣ್ಣ ಗಟ್ಟಿಯಾಗುತ್ತದೆ, ಎರಿಯೊಳಗಿನ ಬಿಳಿ ಹರಳುಗಳು ಹುಟ್ಟಿದ್ದು ಹೀಗೆಯೇ. ಆಮೇಲೆ ಜಿಪ್ಸಂ. ಸುಲಭವಾಗಿ ಗಟ್ಟಿಯಾಗದ ಸೋಡಿಯಂ ಮತ್ತು ಕ್ಲೋರೈಡ್ ಕೊನೆಯತನಕ ನೀರಿನಲ್ಲೇ ಉಳಿದು ದಟ್ಟವಾಗುತ್ತ ಹೋಗುತ್ತವೆ. ಎರಿ ಮಣ್ಣಿನ ಜೇಡಿ ನೀರನ್ನು ಕೆಳಕ್ಕೆ ಬಿಡುವುದು ಬಹಳ ನಿಧಾನ, ನೆಲದ ಇಳಿಜಾರೂ ಕಡಿಮೆ. ಹಾಗಾಗಿ ಈ ಉಪ್ಪುನೀರು ಮಣ್ಣಿನ ಕೆಳಪದರದಲ್ಲೇ ಕುಳಿತಿರುತ್ತದೆ. ಡೋಣಿ ದಂಡೆಯ ತಗ್ಗು ಹೊಲಗಳು ಸವಳಾಗುವುದರ ಮೂಲ ಇದು.

ಎರಿ ಭೂಮಿಯ ಇನ್ನೊಂದು ಗುಣವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಹಳ್ಳಗಳ ರಸಾಯನವೆಲ್ಲ ನಿಂತಿರುವುದು ಅದರ ಮೇಲೆ. ಮೇ ತಿಂಗಳಲ್ಲಿ ಎರಿ ಬಿರಿಯುತ್ತದೆ. ಕೈ ತೂರುವಷ್ಟು ಅಗಲದ ಬಿರುಕುಗಳು ಕೆಲವೆಡೆ ಮೀಟರಿನಷ್ಟು ಆಳಕ್ಕೆ ಇಳಿದಿರುತ್ತವೆ. ರೋಹಿಣಿ, ಮಿರಗದ ಮೊದಲ ಮಳೆಗಳು ಬಿದ್ದಾಗ ನೀರು ಹೊಲದ ಮೇಲೆ ಹರಿಯುವುದೇ ಇಲ್ಲ, ಬಿರುಕಿನೊಳಗೆ ಇಳಿದು ನೇರ ತಳ ಸೇರುತ್ತದೆ. ಅಷ್ಟು ಮಳೆಯಾದರೂ ಹಳ್ಳಕ್ಕೆ ನೀರು ಬರಲಿಲ್ಲವಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ನಾಲ್ಕಾರು ಮಳೆಗಳ ನಂತರ ಜೇಡಿ ಉಬ್ಬಿ ಬಿರುಕುಗಳು ಮುಚ್ಚುತ್ತವೆ. ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ ಅದೇ ಹೊಲ ನೀರನ್ನು ಒಳಬಿಡದ ಹಾಸಾಗಿರುತ್ತದೆ. ಆಗ ಬಿದ್ದ ಮಳೆ ಮೇಲ್ಮೈಯಲ್ಲೇ ಓಡಿ ಒಂದೆರಡು ತಾಸಿನಲ್ಲಿ ಹಳ್ಳ ಸೇರುತ್ತದೆ. ಜೂನ್ ಮತ್ತು ಸೆಪ್ಟೆಂಬರಿನ ಒಂದೇ ಅಳತೆಯ ಮಳೆ ಒಂದೇ ಹೊಲದಿಂದ ಎರಡು ಬೇರೆ ದಾರಿ ಹಿಡಿಯುತ್ತದೆ. ಕೆಳಗಿನ ದಾರಿ ಹಿಡಿದ ನೀರು ಉಪ್ಪಿನ ಪದರದೊಡನೆ ತಿಂಗಳುಗಟ್ಟಲೆ ಕಳೆಯುತ್ತದೆ. ಮೇಲಿನ ದಾರಿಯದಕ್ಕೆ ಅಷ್ಟು ಪುರುಸೊತ್ತಿಲ್ಲ.

ಬೇಸಿಗೆಯ ಡೋಣಿಯಲ್ಲಿ ಇರುವುದು ಕೆಳಗಿನ ದಾರಿಯ ನೀರು ಮಾತ್ರ. ದಂಡೆಯ ಬುಡದಿಂದ ಜಿನುಗಿ ಬಂದು ಗುಂಡಿಗಳಲ್ಲಿ ನಿಲ್ಲುವ ಆ ನೀರನ್ನು ಬಿಸಿಲು ಮತ್ತೆ ಆವಿ ಮಾಡುತ್ತದೆ. ಮೊದಲೇ ಉಪ್ಪಾದದ್ದು ಎರಡನೇ ಸಲ ಉಪ್ಪಾಗುತ್ತದೆ. ಅಂಥ ನಿಂತ ನೀರಿನಲ್ಲಿ ಪಾಚಿ ಬೆಳೆದರೆ ಅದು ಹಗಲು ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮಧ್ಯಾಹ್ನದ ಹೊತ್ತಿಗೆ ಪಿಎಚ್‌ ಅನ್ನು ಮೇಲೇರಿಸುತ್ತದೆ. ಬೆಳಗಿನ ಮಾದರಿಗೂ ಸಂಜೆಯ ಮಾದರಿಗೂ ತಾಳೆಯಾಗದಿರಲು ಇದೂ ಒಂದು ಕಾರಣ. ನೀರು ಇಳಿದ ದಂಡೆಯ ಮೇಲೆ ಬಿಳಿ ಹೆಕ್ಕಳಿಕೆ ಮೂಡುತ್ತದೆ, ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿದ ಉಪ್ಪು ಅದು. ವರ್ಷದ ಮೊದಲ ಹೊಳೆ ಬಂದಾಗ ಈ ಹೆಕ್ಕಳಿಕೆ ಕರಗುತ್ತದೆ, ಗುಂಡಿಗಳಲ್ಲಿ ನಿಂತಿದ್ದ ದಟ್ಟ ನೀರೂ ಮುಂದೂಡಲ್ಪಡುತ್ತದೆ. ಹೊಳೆ ಬಂತೆಂದು ಖುಷಿಪಟ್ಟು ಮೊದಲ ನೀರನ್ನೇ ಪಂಪು ಹಚ್ಚಿ ಎತ್ತಿದವರು ಎತ್ತುವುದು ವರ್ಷದ ಕಸವನ್ನೇ. ನೀರಿನ ಮಟ್ಟ ಏರುವಾಗ ಮೊಳಕಾಲುದ್ದ ಇದ್ದಾಗಿನ ನೀರು, ಇಳಿಯುವಾಗ ಅದೇ ಮೊಳಕಾಲುದ್ದ ಇದ್ದಾಗಿನ ನೀರು ಒಂದೇ ಅಲ್ಲ. ಹರಿವಿನ ಅಳತೆಯೊಂದೇ ಸಾಲದು, ಹರಿವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೂ ಗೊತ್ತಿರಬೇಕು.

ಈಗ ಕಾಡಿಗೆ ಹೋಗೋಣ. ದಟ್ಟ ಕಾಡಿನಲ್ಲಿ ನೆಲದ ಮೇಲೆ ಎಲೆ, ತೊಗಟೆ, ಬೇರು ಕೊಳೆತ ಪದರವಿರುತ್ತದೆ. ಇದರಿಂದ ಹೊರಬರುವ ಸಾವಯವ ಆಮ್ಲಗಳು ನೀರಿಗೆ ಚಹಾದ ಬಣ್ಣ ಕೊಡುತ್ತವೆ. ಕೆಳಗೆ ಗ್ರಾನೈಟಿನಂಥ ನಿಧಾನಕ್ಕೆ ಕರಗುವ ಬಂಡೆ ಇದ್ದು ಸುಣ್ಣದ ಅಂಶ ಕಡಿಮೆಯಿದ್ದರೆ ಮೇಲ್ಪದರದ ಹುಳಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಮಳೆಯಿಲ್ಲದ ದಿನಗಳಲ್ಲಿ ಅಂಥ ಹಳ್ಳಕ್ಕೆ ನೀರು ಬರುವುದು ಆಳದಿಂದ. ಅದು ಬಂಡೆಯ ಸಂದುಗಳಲ್ಲಿ ಬಹುಕಾಲ ಇದ್ದು ಹುಳಿ ಕಳೆದುಕೊಂಡು ಬಂದಿರುತ್ತದೆ, ಪಿಎಚ್ 6ರ ಮೇಲಿರಬಹುದು. ಜೋರು ಮಳೆಯಾದಾಗ ಅಂತರ್ಜಲದ ಮಟ್ಟ ಮೇಲೇರಿ ಎಲೆಗೊಬ್ಬರದ ಪದರವನ್ನು ಮುಟ್ಟುತ್ತದೆ. ನೀರು ಆ ಪದರದೊಳಗಿಂದಲೇ ಅಡ್ಡಡ್ಡ ಹರಿದು ಹಳ್ಳಕ್ಕೆ ಇಳಿಯುತ್ತದೆ, ಕೆಳಗಿನ ಬಂಡೆಯನ್ನು ಮುಟ್ಟುವುದೇ ಇಲ್ಲ. ತಾಸುಗಳ ಒಳಗೆ ಪಿಎಚ್ 5ಕ್ಕೆ, ಕೆಲವೆಡೆ ಅದಕ್ಕಿಂತಲೂ ಕೆಳಗೆ ಬೀಳುತ್ತದೆ. ಡೋಣಿಗೆ ಪ್ರವಾಹ ಬಂದರೆ ನೀರು ಹಿತವಾಗುತ್ತದೆ, ಇಂಥ ಕಾಡುಹಳ್ಳಕ್ಕೆ ಪ್ರವಾಹ ಬಂದರೆ ನೀರು ಕಟುವಾಗುತ್ತದೆ. ಎರಡೂ ಕಡೆ ನಡೆದದ್ದು ಒಂದೇ ಸಂಗತಿ: ಆಳದ ದಾರಿಯನ್ನು ಮೇಲಿನ ದಾರಿ ಹಿಂದೆ ಹಾಕಿತು. ನಮ್ಮಲ್ಲಿ ಆಳದಲ್ಲಿ ಉಪ್ಪಿತ್ತು, ಅಲ್ಲಿ ಮೇಲುಗಡೆ ಹುಳಿಯಿತ್ತು.

ಇದನ್ನು ಅಳತೆಯಿಟ್ಟು ತೋರಿಸಿದ ಮುಖ್ಯ ಕೆಲಸ ನಡೆದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬರ್ಡ್ ಬ್ರೂಕ್ ಕಾಡಿನಲ್ಲಿ. 1963ರಲ್ಲಿ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್, ನೋಯ್ ಜಾನ್ಸನ್, ರಾಬರ್ಟ್ ಪಿಯರ್ಸ್ ಅಲ್ಲಿಯ ಸಣ್ಣ ಹಳ್ಳಗಳಲ್ಲಿ ಹರಿವನ್ನೂ ರಸಾಯನವನ್ನೂ ಜೊತೆಜೊತೆಗೆ ಅಳೆಯಲು ಶುರುಮಾಡಿದರು. ಹೊಗೆಗೊಳವೆಗಳಿಂದ ದೂರವಿದ್ದ ಆ ಕಾಡಿನ ಮಳೆಯೂ ವಿಪರೀತ ಹುಳಿಯಾಗಿರುವುದು ಅಲ್ಲಿ ಪತ್ತೆಯಾಯಿತು. ಅಮೆರಿಕದಲ್ಲಿ ಆಮ್ಲಮಳೆಯ ಚರ್ಚೆ ಬೆಳೆದದ್ದು ಅದರಿಂದ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1969ರಲ್ಲಿ ಜಾನ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಇನ್ನೊಂದು ಸಂಗತಿ. ಹರಿವು ಹೆಚ್ಚಿದಾಗ ಸೋಡಿಯಂ, ಸಿಲಿಕಾ ತೆಳುವಾಗುತ್ತಿದ್ದವು. ಆದರೆ ಹುಳಿ, ಅಲ್ಯುಮಿನಿಯಂ, ನೈಟ್ರೇಟ್ ಹೆಚ್ಚುತ್ತಿದ್ದವು. ಅದೇ ಹಳ್ಳ, ಅದೇ ಪ್ರವಾಹ, ಒಂದು ವಸ್ತು ಇಳಿದರೆ ಮತ್ತೊಂದು ಏರುತ್ತದೆ. ತೆಳುವಾಗುವ ಲೆಕ್ಕವೊಂದೇ ನಿಜವಾಗಿದ್ದರೆ ಎಲ್ಲವೂ ಇಳಿಯಬೇಕಿತ್ತು. ಬಂಡೆಯಿಂದ ಬರುವುದು ಇಳಿಯಿತು, ಮೇಲ್ಮಣ್ಣಿನಿಂದ ಬರುವುದು ಏರಿತು. ನೀರು ಬಂದ ದಾರಿಯ ಸಾಕ್ಷ್ಯ ನೀರೊಳಗೇ ಇತ್ತು.

ಅಲ್ಯುಮಿನಿಯಂ ಇಲ್ಲಿ ಪ್ರಾಣದ ಪ್ರಶ್ನೆ. ಪಿಎಚ್ 5ರ ಹತ್ತಿರ ಇಳಿದಾಗ ಮಣ್ಣಿನಲ್ಲಿ ಗಟ್ಟಿಯಾಗಿ ಕುಳಿತಿದ್ದ ಅಲ್ಯುಮಿನಿಯಂ ಕರಗಿ ಹೊರಬರುತ್ತದೆ, ಮೀನಿನ ಕಿವಿರಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ನಾರ್ವೆಯ ತೊವ್ದಾಲ್ ನದಿಯಲ್ಲಿ 1975ರ ವಸಂತದಲ್ಲಿ ಹಿಮ ಕರಗಿ ನೀರು ಏರಿದಾಗ ಟ್ರೌಟ್ ಮೀನುಗಳು ರಾಶಿರಾಶಿಯಾಗಿ ಸತ್ತವು. ಚಳಿಗಾಲವಿಡೀ ಹಿಮದಲ್ಲಿ ಸೇರಿಕೊಂಡಿದ್ದ ಹುಳಿ ಕೆಲವೇ ದಿನಗಳಲ್ಲಿ ನದಿಗೆ ಇಳಿದಿತ್ತು. ವರ್ಷದ ಸರಾಸರಿ ಪಿಎಚ್ ನೋಡಿದ್ದರೆ ಆ ಕೆಲವು ದಿನಗಳ ಗಂಡಾಂತರ ಕಾಣುತ್ತಲೇ ಇರಲಿಲ್ಲ. ಜೀವಿಗಳು ಸರಾಸರಿಯಲ್ಲಿ ಬದುಕುವುದಿಲ್ಲ, ಆ ದಿನದ ನೀರಿನಲ್ಲಿ ಬದುಕುತ್ತವೆ.

ನಮ್ಮದೇ ರಾಜ್ಯದಲ್ಲೂ ಹೀಗೆ ಕೂತು ಅಳೆದವರಿದ್ದಾರೆ. ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರಿನ ಕಾಡಿನ ಜಲಾನಯನವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಒಟ್ಟಾಗಿ 2003ರಿಂದ ಗಮನಿಸುತ್ತ ಬಂದಿದ್ದಾರೆ. ಅಲ್ಲಿಯ ಅಂತರ್ಜಲ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿದೆ, ಹಳ್ಳಕ್ಕೆ ಅದು ನೀರು ಕೊಡುವುದಿಲ್ಲ. ಮಳೆ ಬಂದಾಗ ಹಳ್ಳ ಹರಿಯುತ್ತದೆ, ನಿಂತರೆ ನಿಲ್ಲುತ್ತದೆ. ಬಂಡೆ ಕರಗಿ ಬಂದ ಲವಣಗಳ ದೊಡ್ಡ ಪಾಲು ನೆಲದೊಳಗಿನ ದಾರಿಯಲ್ಲೇ ಸಾಗಿಹೋಗುತ್ತದೆ. ಆ ಹಳ್ಳದ ನೀರನ್ನಷ್ಟೇ ಪರೀಕ್ಷಿಸಿ ಕಾಡಿನ ನೆಲದಲ್ಲಿ ಏನಾಗುತ್ತಿದೆ ಎಂದು ಹೇಳಹೊರಟರೆ ಕಥೆಯ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ. ನಮ್ಮ ಬಯಲಿನ ಎಷ್ಟೋ ಹಳ್ಳಗಳದ್ದೂ ಇದೇ ಗತಿ. ಬೋರ್‌ವೆಲ್‌ಗಳು ಅಂತರ್ಜಲವನ್ನು ಕೆಳಗಿಳಿಸಿದ ಕಡೆ ಹಳ್ಳ ಮತ್ತು ಅಂತರ್ಜಲದ ಕೊಂಡಿ ಕಳಚಿದೆ. ಹಳ್ಳದಲ್ಲಿ ನೀರು ಸಪ್ಪೆಯಾಗಿದೆ ಎಂದಮಾತ್ರಕ್ಕೆ ಪಕ್ಕದ ಬೋರಿನ ನೀರು ಒಳ್ಳೆಯದಿರಬೇಕೆಂದೇನೂ ಇಲ್ಲ.

ಮಹಾಬಳೇಶ್ವರದ ಕಡೆಗೂ ಒಂದು ನೋಟ ಹರಿಸಬೇಕು. ಅಲ್ಲಿ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆಯ ದಪ್ಪ ಟೊಪ್ಪಿಗೆಯಿದೆ. ವರ್ಷಕ್ಕೆ 5000 ಮಿ.ಮೀ. ದಾಟುವ ಮಳೆ ಅದರೊಳಗಿನ ಸುಣ್ಣ, ಸೋಡಿಯಂ ಎಲ್ಲವನ್ನೂ ಯುಗಗಳಿಂದ ತೊಳೆದು ಹಾಕಿದೆ. ಜಂಬಿಟ್ಟಿಗೆಯ ನೆಲದ ನೀರಿನಲ್ಲಿ ಲವಣ ಕಡಿಮೆ, ಸ್ವಲ್ಪ ಹುಳಿಯ ಗುಣ, ಹುಳಿ ತಡೆಯುವ ಶಕ್ತಿ ಇನ್ನೂ ಕಡಿಮೆ. ಕರಾವಳಿಯ ಬಾವಿಗಳಲ್ಲೂ ಇದೇ ಗುಣ ಕಾಣುತ್ತದೆ. ಮಹಾಬಳೇಶ್ವರದ ನೀರು ಕೃಷ್ಣೆಯಾಗಿ ನೂರಾರು ಕಿಲೋಮೀಟರ್ ಕರಿಕಲ್ಲಿನ ಸೀಮೆ ದಾಟಿ ಆಲಮಟ್ಟಿಗೆ ಬರುವಷ್ಟರಲ್ಲಿ ಹುಳಿಯೆಲ್ಲ ತೀರಿ ಚೂರು ಕ್ಷಾರದ ಕಡೆಗೆ ವಾಲಿರುತ್ತದೆ. ಆಲಮಟ್ಟಿಯ 123 ಟಿಎಂಸಿ ಅಡಿ ನೀರು ಬಹುಮಟ್ಟಿಗೆ ಘಟ್ಟದ ಮಳೆಗಾಲದ ನೀರು. ನಮ್ಮ ಹೊಲಗಳಿಗೆ ಅದು ಹಿತವಾಗಿರುವುದು ಅದಕ್ಕೇ.

ಉಪ್ಪಿನ ವಿಷಯದಲ್ಲಿ ಬಹಳ ಜನ ತಪ್ಪಿ ನಡೆಯುವ ಒಂದು ಜಾಗವಿದೆ. ಪ್ರವಾಹದ ಡೋಣಿ ಸಪ್ಪೆ ಎಂದರೆ ಅದು ಉಪ್ಪನ್ನು ಒಯ್ಯುತ್ತಿಲ್ಲ ಎಂದಲ್ಲ. ಉದಾಹರಣೆಗೊಂದು ಲೆಕ್ಕ ಹಾಕೋಣ. ಬೇಸಿಗೆಯ ಹಳ್ಳದಲ್ಲಿ ಸೆಕೆಂಡಿಗೆ ಒಂದು ಘನ ಮೀಟರ್ ನೀರು, ಲೀಟರಿಗೆ 3 ಗ್ರಾಂ ಉಪ್ಪು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 3 ಕಿಲೋ ಉಪ್ಪು ಹೋಯಿತು. ಪ್ರವಾಹದಲ್ಲಿ ಸೆಕೆಂಡಿಗೆ 200 ಘನ ಮೀಟರ್ ನೀರು, ಲೀಟರಿಗೆ ಬರೀ 0.4 ಗ್ರಾಂ ಉಪ್ಪು. ಸೆಕೆಂಡಿಗೆ 80 ಕಿಲೋ ಹೋಯಿತು. ನಾಲಿಗೆಗೆ ಹತ್ತದ ಉಪ್ಪು ಕಣಿವೆಯಿಂದ ಹೊರಗೆ ಸಾಗುವುದು ಆ ಕೆಲವೇ ದಿನಗಳಲ್ಲಿ. ಪ್ರವಾಹ ಈ ಕಣಿವೆಯನ್ನು ತೊಳೆಯುವ ಕೆಲಸ ಮಾಡುತ್ತದೆ.

ಡೋಣಿಯ ಬಗ್ಗೆ ಯೋಜನೆ ಹಾಕುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೂಳೆತ್ತಬೇಕು, ಬಾಂದಾರ ಕಟ್ಟಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಮಳೆ ಕೈಕೊಟ್ಟ ವರ್ಷ ದಂಡೆಯ ರೈತ ನೀರು ನಿಲ್ಲಿಸಿಕೊಳ್ಳಲು ಹಾತೊರೆಯುವುದು ಸಹಜ. ಆದರೆ ಸಿಹಿನೀರಿನ ಹಳ್ಳಕ್ಕೆ ಬಾಂದಾರ ಕಟ್ಟುವ ಕ್ರಮವನ್ನೇ ಉಪ್ಪಿನ ಹಳ್ಳಕ್ಕೂ ಹಚ್ಚಿದರೆ ಅಪಾಯ. ವರ್ಷದ ಮೊದಲ ಹೊಳೆಯನ್ನು ತಡೆದರೆ ಹೆಕ್ಕಳಿಕೆಯ ಉಪ್ಪೆಲ್ಲ ಬಾಂದಾರದ ಹಿಂದೆ ನಿಲ್ಲುತ್ತದೆ. ಕೊನೆಯ ಹರಿವನ್ನು ತಡೆದರೆ ಆಳದಿಂದ ಜಿನುಗಿದ ಉಪ್ಪುನೀರು ಸೇರುತ್ತದೆ. ನಿಂತ ನೀರು ಅಕ್ಕಪಕ್ಕದ ಹೊಲಗಳ ಅಂತರ್ಜಲವನ್ನು ಮೇಲೆತ್ತಿ ಸವಳನ್ನು ಹೊಲದೊಳಕ್ಕೆ ತಳ್ಳಬಹುದು. ಮೊದಲ ಹೊಳೆಗಳಲ್ಲಿ ಬಾಗಿಲು ಪೂರ್ತಿ ತೆರೆದಿಟ್ಟು, ನಡುಮಳೆಗಾಲದ ದೊಡ್ಡ ಹರಿವು ಇಳಿಯತೊಡಗಿದಾಗ ಹಾಕಿದರೆ ನಿಲ್ಲುವುದು ವರ್ಷದ ಒಳ್ಳೆಯ ನೀರು. ಯಾವ ತಾರೀಖಿಗೆ ಬಾಗಿಲು ಹಾಕಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಲಾಗದು. ನೀರಿನ ಉಪ್ಪನ್ನು ಅಳೆದೇ ತೀರ್ಮಾನಿಸಬೇಕು.

ರಾಡಿಯ ವಿಷಯವೂ ಇದಕ್ಕೆ ಸೇರಿದ್ದೇ. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕಿಳಿಯುತ್ತವೆ. ಬೇಸಿಗೆಯ ಡೋಣಿ ತಿಳಿಯಾಗಿ ಕಾಣುವುದರಲ್ಲಿ ಇದರ ಪಾಲೂ ಇದೆ. ಸೋಡಿಯಂ ತುಂಬಿದ ಎರಿ ಮಣ್ಣಿನ ಮೇಲೆ ಸಪ್ಪೆ ಮಳೆನೀರು ಬಿದ್ದಾಗ ಆ ಕಣಗಳು ಬಿಡಿಬಿಡಿಯಾಗಿ ತೇಲತೊಡಗುತ್ತವೆ. ಮಣ್ಣಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ, ನೀರು ಇಂಗದೆ ಓಡುತ್ತದೆ, ಓಡುವಾಗ ಮಣ್ಣನ್ನೂ ಒಯ್ಯುತ್ತದೆ. ನದಿಯ ಹೂಳಿಗೂ ಹೊಲದ ಸವಳಿಗೂ ಹೀಗೆ ನಂಟಿದೆ. ಸವಳು ಹೊಲಗಳಿಗೆ ಜಿಪ್ಸಂ ಹಾಕಿ ಬಸಿಗಾಲುವೆ ತೆಗೆದು ತೊಳೆಯುವುದು ಬೆಳೆಯ ಕೆಲಸವಷ್ಟೇ ಆಗದೆ ನದಿಯ ಕೆಲಸವೂ ಆಗುತ್ತದೆ.

ಇಂಡಿ, ಸಿಂದಗಿಯ ಭೀಮೆಯದ್ದು ಇನ್ನೊಂದು ಬಗೆ. ಅಲ್ಲಿ ಬೇಸಿಗೆಯ ಹರಿವನ್ನು ಮಳೆಗಿಂತ ಹೆಚ್ಚಾಗಿ ಗೇಟುಗಳು ತೀರ್ಮಾನಿಸುತ್ತವೆ. ಮೇಲೆ ಉಜನಿ ಜಲಾಶಯವಿದೆ, ನಡುವೆ ಬ್ಯಾರೇಜುಗಳಿವೆ. ಪುಣೆಯ ಮುಳಾ-ಮುಠಾ ನದಿಗಳು ಊರ ಕೊಳಚೆಯನ್ನು ಹೊತ್ತು ಭೀಮೆಗೇ ಸೇರುತ್ತವೆ. ತುಂಬಿ ಹರಿಯುವಾಗ ನದಿ ಇದನ್ನೆಲ್ಲ ತೆಳುಮಾಡಿ ಆಮ್ಲಜನಕ ಬೆರೆಸಿ ಅರಗಿಸಿಕೊಳ್ಳುತ್ತದೆ. ಹರಿವು ನಿಂತರೆ ಆ ಶಕ್ತಿಯೂ ನಿಲ್ಲುತ್ತದೆ. ಎಷ್ಟು ಟಿಎಂಸಿ ಬಿಟ್ಟರು ಎಂಬ ಜಗಳದ ಜೊತೆಗೆ ಯಾವಾಗ, ಎಷ್ಟು ದಿನ ಬಿಡದೆ ಹರಿಸಿದರು ಎಂಬ ಪ್ರಶ್ನೆಯನ್ನೂ ಎರಡು ರಾಜ್ಯಗಳ ನಡುವಿನ ಮಾತುಕತೆಗೆ ತರಬೇಕಾಗಿದೆ.

ಕಾಲುವೆ ಬಂದಮೇಲೆ ನಮ್ಮ ಸಣ್ಣ ಹಳ್ಳಗಳ ಲೆಕ್ಕವೂ ಬದಲಾಗುತ್ತಿದೆ. ಇಂಡಿ ಶಾಖಾ ಕಾಲುವೆ, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಮೂಲಕ ಕೃಷ್ಣೆಯ ನೀರು ಎರಿ ಹೊಲಗಳನ್ನು ತಲುಪಿದೆ. ತಲೆಮಾರುಗಳು ಕಾಯ್ದು ಪಡೆದ ನೀರದು, ಅದರ ಬೆಲೆ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ನೀರು ಹೊಲದಲ್ಲಿ ಹೆಚ್ಚಾಗಿ ನಿಂತರೆ ಕೆಳಗೆ ಮಲಗಿದ್ದ ಉಪ್ಪನ್ನು ಎಬ್ಬಿಸುತ್ತದೆ. ಹೆಚ್ಚಾದದ್ದು ಬಸಿದು ಹಳ್ಳ ಸೇರುವಾಗ ಆ ಉಪ್ಪನ್ನು ಹೊತ್ತೇ ಸೇರುತ್ತದೆ. ಹಿಂದೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಹಳ್ಳದಲ್ಲಿ ಈಗ ನೀರು ಕಂಡರೆ ಅದು ಬಂದದ್ದು ಯಾವ ದಾರಿಯಿಂದ ಎಂದು ಮೊದಲು ಕೇಳಬೇಕು. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ತೋಟಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಲಿಂಬೆಯ ಜಾತಿಯ ಗಿಡಗಳು ಉಪ್ಪನ್ನು ತಾಳುವುದು ಬಹಳ ಕಡಿಮೆ. ಜೋಳ, ಹತ್ತಿ ತಡೆದುಕೊಳ್ಳುವ ನೀರಿನಲ್ಲಿ ಲಿಂಬೆಯ ಎಲೆಯ ಅಂಚು ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಹಳ್ಳಗಳ ನೀರಿನ ವರದಿಯಲ್ಲಿ ದಿನಾಂಕ ಇರುತ್ತದೆ, ಪಿಎಚ್ ಇರುತ್ತದೆ, ಕರಗಿದ ಲವಣಗಳ ಅಂಕಿ ಇರುತ್ತದೆ, ಆ ದಿನ ಹಳ್ಳ ಎಷ್ಟು ಹರಿಯುತ್ತಿತ್ತು ಎಂಬುದು ಮಾತ್ರ ಇರುವುದಿಲ್ಲ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿದ ಗೆರೆ ಪಿಎಚ್ 6.5ರಿಂದ 8.5. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಒಂದೇ ಹಳ್ಳ ಸೆಪ್ಟೆಂಬರಿನಲ್ಲಿ ಈ ಗೆರೆಯ ಒಳಗೂ ಏಪ್ರಿಲ್‌ನಲ್ಲಿ ಹೊರಗೂ ಇರಬಹುದು. ಹರಿವು ಬರೆಯದ ವರದಿಯನ್ನು ಹಿಡಿದುಕೊಂಡು ‘ಈ ಹಳ್ಳದ ನೀರು ಒಳ್ಳೆಯದು’ ಎಂದೋ ‘ಕೆಟ್ಟದ್ದು’ ಎಂದೋ ಹೇಳುವವರನ್ನು ನಂಬಲು ಆಗುವುದಿಲ್ಲ. ಹತ್ತು ವರ್ಷದ ವರದಿಗಳನ್ನು ಸಾಲಾಗಿ ಇಟ್ಟು ನೀರು ಕೆಡುತ್ತಿದೆ ಎಂದು ತೀರ್ಮಾನಿಸುವುದೂ ಕಷ್ಟ, ಯಾಕೆಂದರೆ ಹಳೆಯ ಮಾದರಿಗಳು ಹೊಳೆಯ ದಿನದವೋ ಬರದ ದಿನದವೋ ತಿಳಿಯುವುದಿಲ್ಲ.

ಇದನ್ನು ಸರಿಪಡಿಸಲು ದೊಡ್ಡ ಯಂತ್ರ ಬೇಕಿಲ್ಲ. ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಅಡಿ, ಇಂಚಿನ ಗೆರೆ ಬರೆದರೆ ನೀರಿನ ಮಟ್ಟ ಓದಬಹುದು. ಅಂಗೈಯಲ್ಲಿ ಹಿಡಿಯುವ ವಿದ್ಯುತ್ ವಾಹಕತೆಯ ಮೀಟರ್ ನೀರಿಗೆ ಅದ್ದಿದ ಕ್ಷಣಕ್ಕೆ ಉಪ್ಪಿನ ಅಂದಾಜು ಕೊಡುತ್ತದೆ, ಅದರ ಬೆಲೆ ಒಂದು ಹೈಸ್ಕೂಲಿನ ಪ್ರಯೋಗಾಲಯಕ್ಕೆ ಭಾರವಲ್ಲ. ಮಟ್ಟ, ಉಪ್ಪು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಒಂದು ಟಿಪ್ಪಣಿ, ಇವು ಮೂರನ್ನು ದಂಡೆಯ ಶಾಲೆಗಳು ವಾರಕ್ಕೊಮ್ಮೆ, ಹೊಳೆ ಬಂದಾಗ ದಿನಕ್ಕೆರಡು ಸಲ ಬರೆದಿಟ್ಟರೆ ಒಂದೇ ವರ್ಷದಲ್ಲಿ ಡೋಣಿಯ ನೀರು ಯಾವ ಮಟ್ಟದಲ್ಲಿ ಎತ್ತಲು ಯೋಗ್ಯ ಎಂಬುದು ಆ ಊರಿನವರಿಗೇ ಗೊತ್ತಾಗುತ್ತದೆ. ಪೂರ್ತಿ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸುವ ಮಾದರಿಗಳನ್ನು ಕನಿಷ್ಠ ನಾಲ್ಕು ಹೊತ್ತಿನಲ್ಲಿ ತೆಗೆಯಬೇಕು: ಮೇ ತಿಂಗಳ ಗುಂಡಿಯ ನೀರು, ವರ್ಷದ ಮೊದಲ ಹೊಳೆ, ಸೆಪ್ಟೆಂಬರಿನ ದೊಡ್ಡ ಹೊಳೆ ಇಳಿಯುವಾಗಿನ ನೀರು, ಸಂಕ್ರಾಂತಿಯ ಸುಮಾರಿಗೆ ದಂಡೆಯ ಬುಡದಿಂದ ಜಿನುಗುವ ನೀರು. ಪ್ರತಿ ಬಾಟಲಿಯ ಚೀಟಿಯ ಮೇಲೆ ಊರು, ತಾರೀಖಿನ ಜೊತೆ ಕಂಬದ ಮೇಲಿನ ಮಟ್ಟವನ್ನೂ ಬರೆಯಬೇಕು.